ಸಸಿಗೆ ದುಡ್ಡುಂಟು, ಕಾಡಿಗೆ?

ಕಾಫಿ ತೋಟದಲ್ಲಿ ಕಳೆ ಸವರುವ ದಿನ. ಸಾಲು ಹಿಡಿದು ಬರುತ್ತಿದ್ದ ಆಳಿನ ಕತ್ತಿ ಒಂದು ಕಡೆ ತಡೆಯುತ್ತದೆ. ಗಾಳಿಗೆ ಹಾರಿಬಂದ ಬೀಜ ಬೇಲಿಯ ಪಕ್ಕ ಬೇರು ಬಿಟ್ಟು, ಮೊಣಕಾಲೆತ್ತರದ ಹೊನ್ನೆ ಸಸಿಯಾಗಿ ನಿಂತಿದೆ. "ಇದನ್ನ ಬಿಡ್ಲಾ ಅಯ್ಯಾ?" ಅಂತ ಕೇಳುತ್ತಾನೆ. ಯಜಮಾನರು ಒಂದು ಗಳಿಗೆ ಸುಮ್ಮನಿದ್ದು, "ಸವರಾಕು" ಅನ್ನುತ್ತಾರೆ.

ಮಲೆನಾಡು, ಕೊಡಗಿನ ತೋಟಗಳಲ್ಲಿ ಇದು ದಿನನಿತ್ಯದ ಸಂಗತಿ. ಯಜಮಾನರಿಗೆ ಮರದ ಮೇಲೆ ಹಗೆಯೇನೂ ಇಲ್ಲ. ಅದೇ ಮಳೆಗಾಲದಲ್ಲಿ ಅವರು ನೂರಿನ್ನೂರು ಸಿಲ್ವರ್ ಓಕ್ ನೆಟ್ಟಿರುತ್ತಾರೆ, ಅದಕ್ಕೆ ಮೆಣಸಿನ ಬಳ್ಳಿ ಹಬ್ಬಿಸುವ ಯೋಚನೆಯೂ ಇರುತ್ತದೆ. ಅವರ ಲೆಕ್ಕ ಬೇರೆ. ಹೊನ್ನೆ ದೊಡ್ಡದಾದ ಮೇಲೆ ಕಡಿಯಬೇಕೆಂದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ದಿಮ್ಮಿ ಲಾರಿ ಹತ್ತಬೇಕೆಂದರೆ ಪಾಸು ಬೇಕು. ಎಲ್ಲಕ್ಕೂ ಮೊದಲು, ಆ ಮರ ನಿಜವಾಗಿ ತಮ್ಮದೇ ಎಂದು ಕಾಗದ ಹೇಳಬೇಕು. ಸಿಲ್ವರ್ ಓಕ್ ಆಸ್ಟ್ರೇಲಿಯಾದಿಂದ ಬಂದ ಮರ. ಅದನ್ನು ಕಡಿಯಲು ಯಾರನ್ನೂ ಕೇಳಬೇಕಾಗಿಲ್ಲ. ಮಗಳ ಮದುವೆಗೋ ಬ್ಯಾಂಕಿನ ಕಂತಿಗೋ ದುಡ್ಡು ಬೇಕಾದ ವಾರವೇ ಕಡಿದು ಮಾರಬಹುದು. ಹಾಗಾಗಿ ನಮ್ಮ ನೆಲದ ಮರ ಸಸಿಯಲ್ಲೇ ಸಾಯುತ್ತದೆ, ಹೊರಗಿನದು ಉಳಿಯುತ್ತದೆ.

ರೈತರ ಹೊಲ, ತೋಟ, ಖಾಸಗಿ ಕಾಡುಗಳಲ್ಲಿ ಮರ ಮತ್ತು ಜೀವಜಾಲ ಉಳಿಯಲಿ ಎಂದು ಸರ್ಕಾರ ಕೊಡುವ ಪ್ರೋತ್ಸಾಹಗಳ ಬಗ್ಗೆ ಬರೆಯಲು ಕೂತರೆ ಈ ಕತ್ತಿಯ ಪ್ರಸಂಗದಿಂದಲೇ ಶುರು ಮಾಡಬೇಕು. ಪ್ರೋತ್ಸಾಹ ಎಂದ ಕೂಡಲೇ ನಮಗೆ ಸಬ್ಸಿಡಿ ನೆನಪಾಗುತ್ತದೆ. ಆದರೆ ಮರದ ಮಟ್ಟಿಗೆ ರೈತನ ಕೈಯನ್ನು ನಡೆಸುವುದು ಸಬ್ಸಿಡಿಗಿಂತ ಹೆಚ್ಚಾಗಿ ಕಾಯ್ದೆ. ಎರಡನ್ನೂ ಸೇರಿಸಿ ಓದದಿದ್ದರೆ ಯಾವ ಯೋಜನೆಯೂ ಅರ್ಥವಾಗುವುದಿಲ್ಲ.

ಮೊದಲು ದುಡ್ಡಿನ ಮಾತು. ಕರ್ನಾಟಕದಲ್ಲಿ ರೈತನ ಖಾತೆಗೆ ನೇರ ಹಣ ತಲುಪಿಸುವ ಮುಖ್ಯ ಯೋಜನೆ 2011-12ರಲ್ಲಿ ಶುರುವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ. ಅರಣ್ಯ ಇಲಾಖೆಯ ನರ್ಸರಿಯಿಂದ ರಿಯಾಯಿತಿ ದರದಲ್ಲಿ ಸಸಿ ತಂದು ನಿಮ್ಮ ಜಮೀನಿನಲ್ಲಿ ನೆಡುತ್ತೀರಿ. ವರ್ಷದ ಕೊನೆಗೆ ಇಲಾಖೆಯವರು ಬಂದು ಎಣಿಸುತ್ತಾರೆ. ಬದುಕಿರುವ ಪ್ರತಿ ಸಸಿಗೂ ಹಣ. ಮೂರು ವರ್ಷ ಹೀಗೆ ನಡೆಯುತ್ತದೆ. ಆರಂಭದಲ್ಲಿ ಮೂರೂ ವರ್ಷ ಸೇರಿ ಸಸಿಗೆ 45 ರೂಪಾಯಿ ಇತ್ತು. ಆಮೇಲೆ ಅದು 100ಕ್ಕೆ ಏರಿತು, ಮತ್ತೆ 125 ಆಯಿತು: ಮೊದಲ ವರ್ಷ 35, ಎರಡನೆಯ ವರ್ಷ 40, ಮೂರನೆಯ ವರ್ಷ 50. ಹೆಕ್ಟೇರಿಗೆ ಗರಿಷ್ಠ 400 ಸಸಿ, ಅಂದರೆ ಎಕರೆಗೆ 160.

ಈ ಯೋಜನೆಯ ಜಾಣತನ ಇರುವುದು ಆ ಮೆಟ್ಟಿಲಿನಲ್ಲಿ. ಸಸಿ ನೆಡುವುದಕ್ಕೆ ದುಡ್ಡು ಕೊಟ್ಟರೆ ನೆಟ್ಟ ಫೋಟೋ ಸಿಗುತ್ತದೆ. ಬದುಕಿಸಿದ್ದಕ್ಕೆ ಕೊಟ್ಟರೆ ಬೇಸಿಗೆಯಲ್ಲಿ ಕೊಡ ಹೊತ್ತವನಿಗೆ, ಮೇಕೆ ಬಾಯಿಂದ ತಪ್ಪಿಸಲು ಮುಳ್ಳು ಕಟ್ಟಿದವನಿಗೆ ಸಿಗುತ್ತದೆ. ಮೂರನೆಯ ವರ್ಷದ ಮೊತ್ತ ಎಲ್ಲಕ್ಕಿಂತ ದೊಡ್ಡದು, ಯಾಕೆಂದರೆ ಮೂರು ಬೇಸಿಗೆ ದಾಟಿದ ಸಸಿ ಸಾಮಾನ್ಯವಾಗಿ ಮರವಾಗುತ್ತದೆ. ವನಮಹೋತ್ಸವದ ಗುಂಡಿಯಲ್ಲೇ ಪ್ರತಿವರ್ಷ ಮತ್ತೆ ಸಸಿ ನೆಡುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಲೆಕ್ಕ ಹಾಕಿ ನೋಡೋಣ. ಎಕರೆಗೆ 160 ಸಸಿ ನೆಟ್ಟು ಒಂದೂ ಸಾಯದಿದ್ದರೆ ಮೂರು ವರ್ಷಕ್ಕೆ 20,000 ರೂಪಾಯಿ. ನೂರು ಉಳಿದರೆ 12,500. ಗುಂಡಿ ತೆಗೆದ ಕೂಲಿ, ಗೊಬ್ಬರ, ನೀರಿನ ಖರ್ಚು ಕಳೆದರೆ ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಅಡಿಕೆಯ ಧಾರಣೆ ಓದುತ್ತಾ ಬೆಳಗಿನ ಕಾಫಿ ಕುಡಿಯುವ ಊರಿನಲ್ಲಿ ಈ ಹಣ ಯಾರನ್ನೂ ಅಡಿಕೆಯಿಂದ ಮರದ ಕಡೆಗೆ ತಿರುಗಿಸುವುದಿಲ್ಲ. ಬಯಲುಸೀಮೆಯ ಕಥೆ ಬೇರೆ. ರಾಗಿ ಹೊಲದ ಬದುವಿನಲ್ಲಿ, ಉಳುಮೆಗೆ ಸಿಗದ ಕಲ್ಲುನೆಲದಲ್ಲಿ ಹೇಗಿದ್ದರೂ ಏನೂ ಬರುತ್ತಿರಲಿಲ್ಲ. ಅಲ್ಲಿ ಬೇವು, ಹೆಬ್ಬೇವು, ತೇಗ, ನೆಲ್ಲಿ ನೆಟ್ಟರೆ ಸಸಿ ತಂದ ಮತ್ತು ನೆಟ್ಟ ಖರ್ಚನ್ನು ಸರ್ಕಾರ ತುಂಬಿಕೊಟ್ಟ ಹಾಗಾಗುತ್ತದೆ. ಯೋಜನೆಯನ್ನು ಆದಾಯ ಅಂತ ನೋಡಿದರೆ ನಿರಾಸೆ. ಮೂರು ವರ್ಷದ ಆರೈಕೆಗೆ ಆಸರೆ ಅಂತ ನೋಡಿದರೆ ಕೆಲಸಕ್ಕೆ ಬರುತ್ತದೆ.

ಎಲ್ಲ ಗಿಡಕ್ಕೂ ಈ ಹಣ ಸಿಗುವುದಿಲ್ಲ. ನೀಲಗಿರಿ, ಅಕೇಶಿಯಾ, ಸಿಲ್ವರ್ ಓಕ್, ರಬ್ಬರ್, ತೆಂಗು, ಅಡಿಕೆ ಇವೆಲ್ಲ ಪಟ್ಟಿಯಿಂದ ಹೊರಗೆ. ಸರಿಯಾದ ನಿರ್ಧಾರ, ಯಾಕೆಂದರೆ ಬೇಗ ಕಾಸು ಕೊಡುವ ಗಿಡವನ್ನು ರೈತ ಹೇಗೂ ನೆಡುತ್ತಾನೆ. ಸರ್ಕಾರದ ದುಡ್ಡು ಹೋಗಬೇಕಾದ್ದು ತಡವಾಗಿ ಫಲ ಕೊಡುವ ಮರಕ್ಕೆ.

ಆದರೆ ಬೇಲಿ ಪಕ್ಕದ ಆ ಹೊನ್ನೆ ಸಸಿಯನ್ನು ಮರೆಯಬೇಡಿ. ನರ್ಸರಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಹೊನ್ನೆ ತಂದು ನೆಟ್ಟರೆ 125 ರೂಪಾಯಿ. ಅದೇ ಜಾತಿಯ ಗಿಡ ಪುಕ್ಕಟೆಯಾಗಿ, ತಾನೇ ಆರಿಸಿಕೊಂಡ ಜಾಗದಲ್ಲಿ, ನೀರು ಕೇಳದೆ ಬೆಳೆಯುತ್ತಿದ್ದರೆ ಸೊನ್ನೆ. ಯೋಜನೆ ಎಣಿಸುವುದು ನೆಟ್ಟದ್ದನ್ನು ಮಾತ್ರ. ಹುಟ್ಟಿದ್ದನ್ನು ಉಳಿಸಿಕೊಂಡವನಿಗೆ ಅದರಲ್ಲಿ ಕಾಲಂ ಇಲ್ಲ. ನಮ್ಮ ಪ್ರೋತ್ಸಾಹಗಳ ಹುಳುಕೆಲ್ಲ ಈ ಒಂದು ಜಾಗದಲ್ಲಿದೆ ಅಂತ ನನಗನ್ನಿಸುತ್ತದೆ.

ಮರ ಯಾರದ್ದು?

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಬಂದದ್ದು 1976ರಲ್ಲಿ. ಖಾಸಗಿ ಜಮೀನಿನ ಮರವಾದರೂ ಕಡಿಯುವ ಮೊದಲು ವೃಕ್ಷಾಧಿಕಾರಿಯ ಅನುಮತಿ ಬೇಕು, ಕಡಿದ ಮೇಲೆ ಬದಲಿ ಗಿಡ ನೆಡಬೇಕು ಎಂಬುದು ಅದರ ತಿರುಳು. ಉದ್ದೇಶ ಒಳ್ಳೆಯದೇ. ಜೊತೆಗೆ ರೈತನಿಗೆ ತೊಂದರೆಯಾಗದಿರಲಿ ಎಂದು ಕೆಲವು ಜಾತಿಗಳಿಗೆ ವಿನಾಯಿತಿ ಕೊಟ್ಟರು: ನೀಲಗಿರಿ, ಗಾಳಿಮರ, ಸಿಲ್ವರ್ ಓಕ್, ಸುಬಾಬುಲ್, ರಬ್ಬರ್, ತೆಂಗು. ಪಟ್ಟಿ ಬರಬರುತ್ತಾ ಬೆಳೆಯಿತು. ಈಗ ಆ ಪಟ್ಟಿಯನ್ನೇ ರೈತನ ಕಣ್ಣಿನಿಂದ ಓದಿ. ವಿನಾಯಿತಿ ಇರುವುದು ಬಹುಪಾಲು ಹೊರಗಿನಿಂದ ಬಂದ, ಬೇಗ ಬೆಳೆಯುವ ಗಿಡಗಳಿಗೆ. ಅನುಮತಿ ಬೇಕಾದ್ದು ಮತ್ತಿ, ಹೊನ್ನೆ, ನಂದಿ, ಬೀಟೆಗೆ. ಯಾವುದನ್ನು ಕಾಪಾಡಲು ಕಾಯ್ದೆ ಹೊರಟಿತೋ ಅದನ್ನು ಬೆಳೆಸುವುದೇ ರೈತನಿಗೆ ತಲೆನೋವಾಯಿತು. ಕೊಡಗಿನ ಕಾಫಿ ತೋಟಗಳಲ್ಲಿ ಕಾಡುಮರಗಳ ನೆರಳು ತೆಳುವಾಗಿ ಸಿಲ್ವರ್ ಓಕ್ ಸಾಲುಗಳು ಎದ್ದುನಿಂತದ್ದಕ್ಕೆ ಮೆಣಸಿನ ಬೆಲೆ ಒಂದು ಕಾರಣವಾದರೆ ಈ ವ್ಯತ್ಯಾಸ ಇನ್ನೊಂದು.

ಕೊಡಗಿನಲ್ಲಿ ಇದಕ್ಕೆ ಮತ್ತೊಂದು ಸಿಕ್ಕು ಸೇರಿಕೊಂಡಿದೆ. ಅಲ್ಲಿನ ಬಾಣೆ ಜಮೀನುಗಳು ಮೂಲದಲ್ಲಿ ಗದ್ದೆಗೆ ಆಸರೆಯಾಗಿ ಸೊಪ್ಪು, ಸೌದೆ, ಮೇವಿಗೆಂದು ಬಿಟ್ಟುಕೊಟ್ಟಂಥವು. ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡಿದ್ದರೆ ಅದು 'ರಿಡೀಮ್ಡ್', ಮರ ಒಡೆಯನದು. ಕಟ್ಟದಿದ್ದರೆ 'ಅನ್‌ರಿಡೀಮ್ಡ್', ನೆಲದಲ್ಲಿ ಬೆಳೆಯುವವನು ಒಬ್ಬ, ಮರದ ಹಕ್ಕು ಇನ್ನೊಬ್ಬರದು. ನೂರು ವರ್ಷದ ಹಿಂದಿನ ಕಡತದಲ್ಲಿ ಒಂದು ಪದ ಹೇಗೆ ಬರೆದಿದೆ ಎನ್ನುವುದರ ಮೇಲೆ ಇವತ್ತು ತೋಟದ ನೆರಳು ನಿಂತಿದೆ. ತಲೆಮಾರುಗಟ್ಟಲೆ ಕಾದು ಬೆಳೆಸಿದ ಮರ ತನಗೆ ದಕ್ಕುತ್ತದೋ ಇಲ್ಲವೋ ಗೊತ್ತಿಲ್ಲದವನಿಗೆ ಸಸಿಗೆ 125ರ ಬದಲು 500 ಕೊಟ್ಟರೂ ಆತ ಆ ಜಾತಿಯನ್ನು ನೆಡುವುದು ಕಷ್ಟ.

ಉತ್ತರ ಕನ್ನಡದ ಸೊಪ್ಪಿನಬೆಟ್ಟದ ಕಥೆ ಇನ್ನೂ ಹಳೆಯದು. ಪ್ರೋತ್ಸಾಹ ಎಂಬ ಹೆಸರು ಹುಟ್ಟುವ ಮೊದಲೇ ಹುಟ್ಟಿದ ಪ್ರೋತ್ಸಾಹ ಎಂದರೂ ತಪ್ಪಿಲ್ಲ. ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ, ಹಸಿ ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಸವಲತ್ತು. ನೆಲ ಸರ್ಕಾರದ್ದು, ಅನುಭೋಗ ತೋಟಿಗರದ್ದು. ಸೊಪ್ಪು ಕೊಟ್ಟಿಗೆಗೆ ಹೋಗಿ, ಗೊಬ್ಬರವಾಗಿ ತೋಟಕ್ಕೆ ಬರುತ್ತದೆ. ಬೆಟ್ಟ ಬೋಳಾದರೆ ತೋಟ ಸೊರಗುತ್ತದೆ ಎಂಬ ಎಚ್ಚರವೇ ಕಾವಲು. ಈ ಎಚ್ಚರ ಇದ್ದ ಮನೆಯವರ ಬೆಟ್ಟ ಇವತ್ತಿಗೂ ಹಸಿರಾಗಿದೆ. ಪಕ್ಕದಲ್ಲೇ, ಅದೇ ನಿಯಮದ ಅಡಿಯಲ್ಲಿ, ಕಡಿದು ಕಡಿದು ಕುರುಚಲು ಉಳಿದ ಬೆಟ್ಟಗಳೂ ಸಿಗುತ್ತವೆ. ಸವಲತ್ತು ಕೊಟ್ಟರೆ ಸಾಕು ಕಾಡು ಉಳಿಯುತ್ತದೆ ಎನ್ನುವವರಿಗೂ, ಕಿತ್ತುಕೊಂಡರೆ ಉಳಿಯುತ್ತದೆ ಎನ್ನುವವರಿಗೂ ಸೊಪ್ಪಿನಬೆಟ್ಟ ಪೂರ್ತಿ ಸಾಕ್ಷಿ ಹೇಳುವುದಿಲ್ಲ.

ಹಕ್ಕು ಕೊಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಸ್ಪಷ್ಟ ಉದಾಹರಣೆ ಶ್ರೀಗಂಧ. 1792ರಲ್ಲಿ ಟಿಪ್ಪು ಸುಲ್ತಾನ್ ಗಂಧವನ್ನು ರಾಜವೃಕ್ಷವೆಂದು ಸಾರಿದ ಎನ್ನುತ್ತದೆ ಚರಿತ್ರೆ. ಅಲ್ಲಿಂದ ಮುಂದೆ ಅರಸರು ಹೋದರು, ಬ್ರಿಟಿಷರು ಹೋದರು, ಗಂಧ ಮಾತ್ರ ಸರ್ಕಾರದ ಆಸ್ತಿಯಾಗಿಯೇ ಉಳಿಯಿತು. ನಿಮ್ಮ ಹಿತ್ತಿಲಲ್ಲಿ ಹಕ್ಕಿ ಹಾಕಿದ ಬೀಜ ಮೊಳೆತರೂ ಮರ ಸರ್ಕಾರದ್ದು. ಕಾಯುವ ಹೊಣೆ ನಿಮ್ಮದು, ಕಳುವಾದರೆ ವಿಚಾರಣೆಯೂ ನಿಮಗೇ. ಹೀಗಿರುವಾಗ ಬುದ್ಧಿವಂತ ಏನು ಮಾಡುತ್ತಾನೆ? ಬೆರಳು ಗಾತ್ರ ಇರುವಾಗಲೇ ಕಿತ್ತು ಹಾಕುತ್ತಾನೆ. ಗಂಧದ ನಾಡು ಎಂಬ ಹೆಸರು ಹಾಡಿನಲ್ಲಿ ಉಳಿದು ಹೊಲದಲ್ಲಿ ಗಂಧ ಇಲ್ಲದಂತಾದದ್ದಕ್ಕೆ ಕಳ್ಳರಷ್ಟೇ ಕಾರಣರಲ್ಲ.

2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂತು. ಜಮೀನಿನ ಒಡೆಯನೇ ಅದರಲ್ಲಿರುವ ಗಂಧದ ಮರದ ಒಡೆಯ ಎಂದಾಯಿತು. ಖಜಾನೆಯಿಂದ ಒಂದು ಪೈಸೆ ಹೋಗಲಿಲ್ಲ. ಆದರೂ ಖಾಸಗಿ ಜಮೀನಿನಲ್ಲಿ ಗಂಧ ನೆಡುವ ಉಮೇದು ಶುರುವಾದದ್ದು ಆ ನಂತರವೇ. ಅರ್ಧ ಬಿಟ್ಟ ಕೆಲಸವೂ ಇತ್ತು. ಮರ ನಿಮ್ಮದಾದರೂ ಬೇಕಾದವರಿಗೆ ಮಾರುವ ಹಾಗಿರಲಿಲ್ಲ. ಅರಣ್ಯ ಇಲಾಖೆ, ಮೈಸೂರು ಸ್ಯಾಂಡಲ್ ಸೋಪು ಮಾಡುವ ಕೆಎಸ್‌ಡಿಎಲ್, ಕರಕುಶಲ ನಿಗಮ ಇಂಥ ಸರ್ಕಾರಿ ಬಾಗಿಲುಗಳೇ ಕೊಳ್ಳುವವರು. ಚೇಗು (ಗಂಧದ ಪರಿಮಳವಿರುವ ಒಳತಿರುಳು) ಕಟ್ಟಲು ಹದಿನೈದು ವರ್ಷವಾದರೂ ಕಾಯಬೇಕು. ಅಷ್ಟರವರೆಗೆ ಬೇಲಿ, ನಾಯಿ, ಕ್ಯಾಮೆರಾ, ರಾತ್ರಿ ನಿದ್ದೆಗೇಡು. ಬೆಂಗಳೂರಿನ ಕಬ್ಬನ್ ಪಾರ್ಕಿನಿಂದಲೇ ಗಂಧದ ಮರ ಕದ್ದೊಯ್ಯುವವರಿಗೆ ಊರಾಚೆಯ ತೋಟ ಯಾವ ಲೆಕ್ಕ. ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯವರು ಮರಕ್ಕೆ ಮೈಕ್ರೋಚಿಪ್ ಕೂರಿಸುವ ಪ್ರಯೋಗಕ್ಕೂ ಇಳಿದರು. ಹಕ್ಕು ಕೊಡುವುದು ಕಾಗದದ ಕೆಲಸ, ಕಾವಲು ಕೊಡುವುದು ಪೊಲೀಸ್ ಠಾಣೆಯ ಕೆಲಸ. ಎರಡನೆಯದು ಜೊತೆಗಿಲ್ಲದಿದ್ದರೆ ಮೊದಲನೆಯದು ಅರೆಬರೆ.

ಬಿದಿರಿನ ವಿಷಯದಲ್ಲಿ ಕೇಂದ್ರ ಸರ್ಕಾರ ಇದೇ ಪಾಠ ಕಲಿತದ್ದು ಬಹಳ ತಡವಾಗಿ. ಸಸ್ಯಶಾಸ್ತ್ರದ ಪ್ರಕಾರ ಬಿದಿರು ಹುಲ್ಲು. 1927ರ ಭಾರತೀಯ ಅರಣ್ಯ ಕಾಯ್ದೆಯ ಪ್ರಕಾರ ಮರ. ಹುಲ್ಲು ಕೊಯ್ದವನಿಗೆ ಮರ ಕಡಿದವನ ನಿಯಮ. 2017ರ ಕೊನೆಯಲ್ಲಿ ಆ ಕಾಯ್ದೆಯನ್ನು ತಿದ್ದಿ, ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರದ ವ್ಯಾಖ್ಯೆಯಿಂದ ಕೈಬಿಟ್ಟರು. ಹೊಸ ರೂಪದಲ್ಲಿ ರಾಷ್ಟ್ರೀಯ ಬಿದಿರು ಮಿಷನ್ ಬಂದದ್ದು ಆಮೇಲೆ. ದಾರಿ ಬಿಟ್ಟು ನಂತರ ಗಾಡಿ ಕೊಟ್ಟರು ಅನ್ನಬಹುದು. ಸಾಮಾನ್ಯವಾಗಿ ನಡೆಯುವುದು ಇದರ ಉಲ್ಟಾ.

ಇಡೀ ದೇಶದ ಮಟ್ಟದಲ್ಲಿ ಈ ತಿಳಿವಳಿಕೆ ಕಾಗದಕ್ಕೆ ಇಳಿದದ್ದು 2014ರ ರಾಷ್ಟ್ರೀಯ ಕೃಷಿ ಅರಣ್ಯ ನೀತಿಯಲ್ಲಿ. ಅದರ ಬೆನ್ನಿಗೆ 2016-17ರಲ್ಲಿ ಬಂದ ಕೃಷಿ ಅರಣ್ಯ ಉಪ ಅಭಿಯಾನ ಒಂದು ಷರತ್ತು ಹಾಕಿತು: ರೈತರು ಬೆಳೆಯುವ ಮರಗಳ ಕಡಿತ, ಸಾಗಣೆ ನಿಯಮ ಸಡಿಲಿಸಿದ ರಾಜ್ಯಗಳಿಗಷ್ಟೇ ಹಣ. ಜೂನ್ 2025ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಕೃಷಿ ಜಮೀನಿನ ಮರ ಕಡಿತಕ್ಕೆ ಮಾದರಿ ನಿಯಮಗಳನ್ನೂ ಕಳಿಸಿತು. ತೋಟವನ್ನು ಮೊದಲೇ ಆನ್‌ಲೈನಿನಲ್ಲಿ ನೋಂದಾಯಿಸಿ, ಮರಗಳ ವಿವರ, ಜಾಗದ ಗುರುತು ದಾಖಲಿಸಿಟ್ಟರೆ ಕಡಿಯುವ ದಿನ ಸಲೀಸಾಗಲಿ ಎಂಬುದು ಅದರ ಆಶಯ. ಮಾದರಿ ಅಂದರೆ ಮಾದರಿಯೇ, ರಾಜ್ಯಗಳು ಒಪ್ಪಿ ತಮ್ಮ ನಿಯಮವಾಗಿ ಮಾಡಿಕೊಂಡಾಗ ಮಾತ್ರ ಅದಕ್ಕೆ ಜೀವ.

ಕಾಡಿನ ಹಾಗೆ ಕಾಣುವ ಭಯ

ಇದುವರೆಗೆ ಹೇಳಿದ್ದು ಒಂಟಿ ಮರಗಳ ಕಥೆ. ಮರಗಳು ಗುಂಪಾಗಿ, ಕೆಳಗೆ ಪೊದೆ ಬೆಳೆದು, ಹಕ್ಕಿ ಮೃಗ ಸೇರಿಕೊಂಡು ಖಾಸಗಿ ಜಮೀನೊಂದು ಕಾಡಾದರೆ ಏನಾಗುತ್ತದೆ?

1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತು. ಅರಣ್ಯ ಎಂದರೆ ನಿಘಂಟಿನಲ್ಲಿ ಇರುವ ಅರ್ಥ, ಒಡೆತನ ಯಾರದೇ ಆಗಿರಲಿ. ಅಂಥ ಜಾಗವನ್ನು ಬೇರೆ ಕೆಲಸಕ್ಕೆ ಬಳಸಲು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಒಪ್ಪಿಗೆ ಬೇಕು. ಗಣಿಗೂ ಬಡಾವಣೆಗೂ ಹೋಗಬಹುದಾಗಿದ್ದ ಎಷ್ಟೋ ಕಾಡು ಈ ತೀರ್ಪಿನಿಂದ ಉಳಿಯಿತು, ಅದರಲ್ಲಿ ಅನುಮಾನವಿಲ್ಲ. ಅದೇ ತೀರ್ಪಿನ ಬೆನ್ನಿಗೆ ರಾಜ್ಯಗಳು ಪಟ್ಟಿ ಮಾಡಲು ಹೊರಟಾಗ 'ಪರಿಭಾವಿತ ಅರಣ್ಯ' (ಅಧಿಸೂಚನೆಯಾಗದಿದ್ದರೂ ಕಾಡೆಂದೇ ಪರಿಗಣಿಸುವ ಜಾಗ) ಎಂಬ ಪದ ಹಳ್ಳಿಗಳಿಗೆ ಇಳಿಯಿತು. ಕರ್ನಾಟಕದಲ್ಲಿ ಮೊದಲು ಗುರುತಿಸಿದ್ದು ಸುಮಾರು 9.94 ಲಕ್ಷ ಹೆಕ್ಟೇರ್. ವರ್ಷಗಟ್ಟಲೆ ಜಗಳ, ಮರುಪರಿಶೀಲನೆಯಾಗಿ 2022ರಲ್ಲಿ ಅದು ಸುಮಾರು 3.30 ಲಕ್ಷ ಹೆಕ್ಟೇರಿಗೆ ಇಳಿಯಿತು. ಎರಡು ಅಂಕಿಗಳ ನಡುವಿನ ಆರೂವರೆ ಲಕ್ಷ ಹೆಕ್ಟೇರಿನಲ್ಲಿ ಬದುಕುತ್ತಿದ್ದವರು ಆ ಕಾಲವನ್ನೆಲ್ಲ ತಮ್ಮ ನೆಲ ಕಾಡೋ ನಾಡೋ ಗೊತ್ತಿಲ್ಲದೆ ಕಳೆದರು. 2023ರ ತಿದ್ದುಪಡಿ, 1980ರ ಆ ಕಾಯ್ದೆಯ ವ್ಯಾಪ್ತಿಯನ್ನು ಅಧಿಸೂಚಿತ ಮತ್ತು ದಾಖಲೆಯಲ್ಲಿರುವ ಅರಣ್ಯಕ್ಕೆ ಸೀಮಿತಗೊಳಿಸಲು ಹೋಯಿತು. ಫೆಬ್ರುವರಿ 2024ರಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟು, ಸದ್ಯಕ್ಕೆ ನಿಘಂಟಿನ ಅರ್ಥವನ್ನೇ ಪಾಲಿಸಿ ಎಂದಿತು.

ಇದರಿಂದ ಹಳ್ಳಿಯ ಮನಸ್ಸಿನಲ್ಲಿ ಉಳಿದದ್ದು ಇಷ್ಟು: ಜಮೀನು ಕಾಡಿನ ಹಾಗೆ ಕಾಣಬಾರದು. ವರ್ಷಕ್ಕೊಮ್ಮೆ ಸವರಿಸಿ, ನಾಲ್ಕು ಸಾಲು ಏನಾದರೂ ನೆಟ್ಟು, ಸಾಗುವಳಿ ಎಂದು ತೋರಿಸಿಬಿಡಬೇಕು. ಬಗರ್‌ಹುಕುಂ ಅರ್ಜಿ ಹಾಕಿದವನ ಪಾಡೂ ಇದೇ. ಸರ್ಕಾರಿ ಜಾಗವನ್ನು ಸಕ್ರಮ ಮಾಡಿಸಿಕೊಳ್ಳಲು ಆತ ತೋರಿಸಬೇಕಾದ್ದು ಸಾಗುವಳಿ. ಮರ ಉಳಿಸಿಕೊಂಡಿದ್ದೇನೆ ಎಂದರೆ ಅರ್ಜಿ ಗೆಲ್ಲುವುದಿಲ್ಲ, ಕಡಿದು ಉತ್ತಿದ್ದೇನೆ ಎಂದರೆ ಗೆದ್ದೀತು. ಒಂದು ಇಲಾಖೆ ಸಸಿಗೆ ದುಡ್ಡು ಕೊಡುವ ಹೊತ್ತಿಗೆ ಇನ್ನೊಂದು ಇಲಾಖೆ ಬೋಳು ನೆಲಕ್ಕೆ ಹಕ್ಕುಪತ್ರ ಕೊಡುತ್ತದೆ.

ಆದಾಯ ತೆರಿಗೆಯೂ ಈ ಓರೆನೋಟದಿಂದ ಹೊರತಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಎಂಬುದು ಎಲ್ಲರಿಗೂ ಗೊತ್ತು. ಕೃಷಿ ಎಂದರೆ ಏನು ಎಂಬ ಪ್ರಶ್ನೆಗೆ 1957ರಲ್ಲಿ ರಾಜಾ ಬಿನಯ್ ಕುಮಾರ್ ಸಹಸ್ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಉತ್ತರ ಇವತ್ತಿಗೂ ಆಧಾರ: ನೆಲ ಹದ ಮಾಡುವುದು, ಬಿತ್ತುವುದು, ನೆಡುವುದು ಇಂಥ ಮೂಲ ಕೆಲಸ ಮನುಷ್ಯ ಮಾಡಿರಬೇಕು. ಕಳೆ ತೆಗೆಯುವುದು, ಕಾಯುವುದು, ಬೆಂಕಿಯಿಂದ ಉಳಿಸುವುದು ಇವಿಷ್ಟೇ ಇದ್ದರೆ ಅದು ಕೃಷಿಯಾಗುವುದಿಲ್ಲ. ನೆಟ್ಟ ತೇಗ ಮಾರಿದವನದು ಕೃಷಿ ಆದಾಯ. ತಾನಾಗಿ ಹುಟ್ಟಿದ ಕಾಡನ್ನು ಐವತ್ತು ವರ್ಷ ಬೆಂಕಿ, ಕಳ್ಳ, ದನದಿಂದ ಕಾದವನಿಗೆ ಆ ರಿಯಾಯಿತಿ ಇಲ್ಲ. ಕೋರ್ಟು ಕಾನೂನಿನ ಪದಕ್ಕೆ ಅರ್ಥ ಹೇಳಿತು, ಅದು ಅದರ ಕೆಲಸ. ಆದರೆ ಕೃಷಿ ಅರಣ್ಯ ಯೋಜನೆಯ ಎಣಿಕೆಯಲ್ಲಿ ಕಂಡ ಗೆರೆಯೇ ಇಲ್ಲೂ ಬಿದ್ದಿರುವುದನ್ನು ನೋಡಿ. ನೆಟ್ಟರೆ ದುಡಿಮೆ, ಬಿಟ್ಟರೆ ಸೋಮಾರಿತನ.

ಹುಣಸೆ ಹಣ್ಣಿನ ಬೆಲೆ

ಉಳಿಸಿಕೊಂಡದ್ದಕ್ಕೆ ಹಣ ಕೊಟ್ಟ ಉದಾಹರಣೆ ನಮ್ಮಲ್ಲಿ ಇಲ್ಲವೇ ಇಲ್ಲ ಅಂದರೆ ತಪ್ಪಾಗುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಬನ್ನಿ. ಶಿಂಷಾ ನದಿಯ ಹತ್ತಿರದ ಈ ಊರಿನಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಮನೆಗಳ ನಡುವಿನ ಹುಣಸೆ ಮರಗಳ ಮೇಲೆ. ಹಿತ್ತಿಲಲ್ಲಿ ಮುಸುರೆ ತೊಳೆಯುತ್ತಿದ್ದರೆ ತಲೆಯ ಮೇಲೆ ಮರಿಗಳು ಕಿರುಚುತ್ತಿರುತ್ತವೆ. ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳು ಎಂದೇ ಊರಿನವರು ಈ ಹಕ್ಕಿಗಳನ್ನು ಕಾಣುತ್ತಾರೆ. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ.

ಆದರೆ ಹುಣಸೆ ಬಡಿಯುವ ಕಾಲವೂ ಮರಿಗಳು ಗೂಡಿನಲ್ಲಿರುವ ಕಾಲವೂ ಒಂದೇ. ಕೋಲು ಹಾಕಿದರೆ ಗೂಡು ಬೀಳುತ್ತದೆ, ಹಾಕದಿದ್ದರೆ ಹಣ್ಣು ಹೋಗುತ್ತದೆ. ಹುಣಸೆ ಹಣ್ಣು ಮಂಡ್ಯ ಸೀಮೆಯಲ್ಲಿ ಸಣ್ಣ ಆದಾಯವಲ್ಲ. ತವರಿನ ಪ್ರೀತಿ ಎಷ್ಟೇ ಇದ್ದರೂ ಸಾಲಗಾರ ಬಾಗಿಲಿಗೆ ಬಂದಾಗ ಮರವನ್ನು ಕೊಯ್ಯುವ ಮಿಷನ್ನಿನವನಿಗೆ ಮಾರಿದವರೂ ಉಂಟು. ಅರಣ್ಯ ಇಲಾಖೆ ಮರದ ಒಡೆಯರಿಗೆ ಹಣ್ಣಿನ ನಷ್ಟಕ್ಕೆಂದು ಪರಿಹಾರ ಕೊಡಲು ಶುರು ಮಾಡಿದ್ದು ಈ ಕಾರಣಕ್ಕೆ. 'ಹೆಜ್ಜಾರ್ಲೆ ಬಳಗ' ಎಂಬ ಹಕ್ಕಿಪ್ರಿಯರ ಗುಂಪಿನವರು ಗೂಡಿನಿಂದ ಬಿದ್ದ ಮರಿಗಳ ಆರೈಕೆಗೆ ನಿಂತರು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿ 'ಸಮುದಾಯ ಮೀಸಲು' ಎಂಬ ಹೊಸ ವರ್ಗವನ್ನು ತಂದಿತ್ತು. ಖಾಸಗಿ ಅಥವಾ ಸಮುದಾಯದ ಜಮೀನನ್ನು, ಒಡೆಯರು ತಾವಾಗಿ ಮುಂದೆ ಬಂದರೆ, ಒಡೆತನ ಕಸಿಯದೆ ಸಂರಕ್ಷಿಸುವ ಏರ್ಪಾಡು ಅದು. 2007ರಲ್ಲಿ ಕೊಕ್ಕರೆ ಬೆಳ್ಳೂರು ಅಂಥ ಮೀಸಲಾಯಿತು.

ಈ ವರ್ಗದಲ್ಲಿ ಒಂದು ತೊಡಕಿದೆ. ಮೀಸಲು ಎಂದು ಘೋಷಣೆಯಾದ ಮೇಲೆ ಭೂಬಳಕೆ ಬದಲಿಸಲು ನಿರ್ವಹಣಾ ಸಮಿತಿಯ ನಿರ್ಣಯ ಬೇಕು, ಅದಕ್ಕೆ ರಾಜ್ಯ ಸರ್ಕಾರದ ಒಪ್ಪಿಗೆಯೂ ಬೇಕು. ಕೈ ಕಟ್ಟುವ ನಿಯಮ ಕಾಯ್ದೆಯಲ್ಲೇ ಖಚಿತವಾಗಿ ಬರೆದಿದೆ. ಪ್ರತಿಯಾಗಿ ಇಷ್ಟು ಹಣ, ಇಂಥ ತಿಂಗಳು ಕೊಡುತ್ತೇವೆ ಎಂಬುದು ಹಾಗೆ ಬರೆದಿಲ್ಲ. ಖಾಸಗಿ ಕಾಡಿನ ಒಡೆಯರು ಈ ಬಾಗಿಲು ತಟ್ಟಲು ಹಿಂಜರಿದರೆ ಆಶ್ಚರ್ಯವಿಲ್ಲ. ಕೊಡಗಿನ ಸಾಯಿ ಸ್ಯಾಂಕ್ಚುರಿ 1991ರಿಂದ ಪಾಳುಬಿದ್ದ ತೋಟ, ಗದ್ದೆಗಳನ್ನು ಕೊಂಡು ಕಾಡಾಗಲು ಬಿಟ್ಟು ಹೆಸರಾದದ್ದು ಒಡೆಯರ ಸ್ವಂತ ಹುರುಪಿನಿಂದ. ಅಂಥ ಹುರುಪನ್ನು ನಂಬಿ ನೀತಿ ರೂಪಿಸಲು ಆಗುವುದಿಲ್ಲ.

ನಿಂತ ಕಾಡಿಗೆ ನಿಯಮಿತವಾಗಿ ಹಣ ಕೊಡುವುದನ್ನೇ ನೀತಿ ಮಾಡಿಕೊಂಡ ದೇಶ ಮಧ್ಯ ಅಮೆರಿಕದ ಕೋಸ್ಟಾರಿಕಾ. 1996ರ ಅರಣ್ಯ ಕಾನೂನಿನಲ್ಲಿ ಅದು ಕಾಡಿನ ನಾಲ್ಕು ಸೇವೆಗಳನ್ನು ಗುರುತಿಸಿತು: ಇಂಗಾಲ ಹಿಡಿದಿಡುವುದು, ನೀರು ಕಾಯುವುದು, ಜೀವವೈವಿಧ್ಯ ಉಳಿಸುವುದು, ನಿಸರ್ಗದ ಚೆಲುವು. ಪೆಟ್ರೋಲು ಡೀಸೆಲ್ ಮೇಲಿನ ತೆರಿಗೆಯ ಒಂದು ಪಾಲನ್ನು ಇದಕ್ಕೆ ಎತ್ತಿಟ್ಟು, ಕಾಡು ಉಳಿಸಿಕೊಂಡ ಭೂಮಾಲೀಕರ ಜೊತೆ ವರ್ಷಗಳ ಕರಾರು ಮಾಡಿಕೊಂಡಿತು. ಅದೇ ಕಾನೂನು ಕಾಡನ್ನು ಬೇರೆ ಬಳಕೆಗೆ ಬದಲಿಸುವುದನ್ನೂ ನಿಷೇಧಿಸಿತು. ಒಂದು ಕೈಯಲ್ಲಿ ಬೆಲ್ಲ, ಇನ್ನೊಂದರಲ್ಲಿ ಬೆತ್ತ. 1980ರ ದಶಕದಲ್ಲಿ ದೇಶದ ಕಾಲುಭಾಗದ ಆಸುಪಾಸಿಗೆ ಕುಸಿದಿದ್ದ ಕಾಡು ಈಗ ಅರ್ಧಕ್ಕೂ ಹೆಚ್ಚು. ಪೂರ್ತಿ ಶ್ರೇಯಸ್ಸು ಈ ಹಣಕ್ಕೆ ಸಲ್ಲುವುದಿಲ್ಲ, ದನದ ಮಾಂಸದ ಬೆಲೆ ಬಿದ್ದು ಹುಲ್ಲುಗಾವಲು ಪಾಳುಬಿದ್ದದ್ದೂ ಕಾರಣ. ಆದರೂ ಕಾಡಿನ ಒಡೆಯನಿಗೆ ಕಾಡು ಹೊರೆಯಲ್ಲ ಎನಿಸಿದ್ದು ಸಣ್ಣ ಸಾಧನೆಯಲ್ಲ. ಅಮೆರಿಕದಲ್ಲಿ 1985ರ ಕೃಷಿ ಕಾನೂನಿನಿಂದ ಬಂದ ಯೋಜನೆಯೊಂದು ಸವಕಳಿಗೆ ಈಡಾಗುವ ಹೊಲವನ್ನು ಹತ್ತು-ಹದಿನೈದು ವರ್ಷ ಉಳದೆ ಹುಲ್ಲಿಗೋ ಮರಕ್ಕೋ ಬಿಡಲು ರೈತನಿಗೆ ವರ್ಷಕ್ಕಿಷ್ಟು ಬಾಡಿಗೆ ಕೊಡುತ್ತದೆ. ಧಾನ್ಯದ ಬೆಲೆ ಏರಿದಾಗ ಕರಾರು ಮುಗಿದ ಹೊಲಗಳು ಮತ್ತೆ ನೇಗಿಲಿಗೆ ಮರಳುವುದೂ ಅಲ್ಲಿ ಕಂಡ ಸತ್ಯ.

ನಮ್ಮಲ್ಲಿ ಈ ದಿಕ್ಕಿನ ಹೊಸ ಮಾತು ಅಂದರೆ 2023ರ ಗ್ರೀನ್ ಕ್ರೆಡಿಟ್ ನಿಯಮಗಳು. ಪರಿಸರಕ್ಕೆ ಒಳಿತು ಮಾಡಿದವರಿಗೆ ಅಂಕ, ಆ ಅಂಕಕ್ಕೆ ಮಾರುಕಟ್ಟೆ ಎಂದಾಗ ಎಷ್ಟೋ ತೋಟದವರು ಕಿವಿ ನೆಟ್ಟಗೆ ಮಾಡಿದರು. ಆದರೆ ಮರ ನೆಡುವ ವಿಧಾನದ ಅಧಿಸೂಚನೆ ಬಂದಾಗ ಅದು ಅರಣ್ಯ ಇಲಾಖೆಯ ಹಿಡಿತದಲ್ಲಿರುವ ಹಾಳುಬಿದ್ದ ಜಾಗಗಳ ಬಗ್ಗೆ ಇತ್ತು. ಕಂಪನಿಗಳು ದುಡ್ಡು ಕಟ್ಟುತ್ತವೆ, ಇಲಾಖೆ ನೆಡುತ್ತದೆ. ಬಾಣೆ, ಬೆಟ್ಟ, ಬದುವಿನವರಿಗೆ ಅದರಲ್ಲಿ ಜಾಗ ಸಿಗಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಇವತ್ತಿನ ಸ್ಥಿತಿಯಲ್ಲಿ ಮೊದಲು ಆಗಬೇಕಾದ್ದು ಸಸಿಯ ದರ ಏರಿಸುವುದಲ್ಲ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ಎಣಿಕೆಗೆ ಬರುವ ಸಿಬ್ಬಂದಿ, ನೆಟ್ಟ ಸಾಲಿನ ಜೊತೆಗೆ ಬೇಲಿಯ ಪಕ್ಕ ತಾನಾಗಿ ಎದ್ದ ನಂದಿ, ಹೊನ್ನೆಗಳನ್ನೂ ಪುಸ್ತಕದಲ್ಲಿ ಬರೆದುಕೊಂಡು ಹೋಗುವಂತಾಗಬೇಕು. ಬರೆದುಕೊಂಡದ್ದೇ ಮುಂದೆ ಒಡೆತನಕ್ಕೆ ಸಾಕ್ಷಿ ಎಂದಾಗಬೇಕು. ಇದಕ್ಕೆ ಹೊಸ ಖಜಾನೆ ಬೇಡ, ಒಂದು ಕಾಲಂ ಸಾಕು.

ಅದು ಆಗುವವರೆಗೆ ಜಮೀನು ಇರುವವರು ಮಾಡಬಹುದಾದ್ದು ಇಷ್ಟು. ಮಳೆಗಾಲಕ್ಕೆ ಸಾಕಷ್ಟು ಮೊದಲೇ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಹೆಸರು ನೋಂದಾಯಿಸಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಜಮೀನಿನ ಕೈನಕ್ಷೆ ಜೊತೆಗಿರಲಿ. ಸಸಿ ಮೊದಲು ನೆಟ್ಟು ಆಮೇಲೆ ಅರ್ಜಿ 'ಮಾಡಿದರಾಯ್ತು' ಅಂದುಕೊಂಡವರು ಕೈ ಸುಟ್ಟುಕೊಂಡಿದ್ದಾರೆ. ಎಣಿಸಲು ಬಂದವರ ಜೊತೆ ನೀವೂ ನಡೆದು ಎಣಿಸಿ, ಅವರು ಬರೆದುಕೊಂಡ ಸಂಖ್ಯೆ ನೋಡಿ. ಗಂಧವೋ ತೇಗವೋ ಇದ್ದರೆ ಅದನ್ನು ಪಹಣಿಯಲ್ಲಿ ದಾಖಲಿಸಲು ಗ್ರಾಮ ಆಡಳಿತ ಅಧಿಕಾರಿಗೆ (ಹಿಂದಿನ ಗ್ರಾಮ ಲೆಕ್ಕಿಗರು) ಅರ್ಜಿ ಕೊಡಿ. ಮತ್ತೆ, ಸಸಿ ತಂದ ದಿನ ನರ್ಸರಿಯಲ್ಲಿ ಕೊಟ್ಟ ಆ ಸಣ್ಣ ರಸೀದಿಯನ್ನು ಜೇಬಿನಲ್ಲೇ ಒಗೆಯಲು ಹಾಕಬೇಡಿ. ಪಹಣಿಯ ಕಡತದಲ್ಲಿ ಸೇರಿಸಿ. ಮೂವತ್ತು ವರ್ಷದ ಮೇಲೆ ನಿಮ್ಮ ಮಗಳೋ ಮೊಮ್ಮಗನೋ ಆ ಮರ ಕಡಿಯಲು ಅರ್ಜಿ ಹಿಡಿದು ನಿಂತಾಗ, ಕೌಂಟರಿನ ಆಚೆಯಿಂದ ಬರುವ ಮೊದಲ ಪ್ರಶ್ನೆ "ಇದು ನೀವು ನೆಟ್ಟಿದ್ದಾ, ತಾನಾಗಿ ಹುಟ್ಟಿದ್ದಾ?" ಎಂಬುದೇ ಆಗಿರುತ್ತದೆ.